ಘಟ್ಟವೇರಿದ ವರಾಹಮುಖ

ಮೂಡಿಗೆರೆ, ಕಳಸಗಳ ಕಾಫಿತೋಟಗಳ ಅಂಚಿನಲ್ಲಿ, ಕೊಡಲಿ ಬೀಳದೆ ಉಳಿದ ಬನಗಳೊಳಗೆ ಪೂಜೆಗೊಳ್ಳುವ ಪಂಜುರ್ಲಿ, ಗುಳಿಗ ಮೊದಲಾದ ದೈವಗಳ ತೌರು ಘಟ್ಟದ ಕೆಳಗಣ ತುಳುನಾಡು. ಕಳಸ ಕಾರ್ಕಳಗಳನ್ನು ಭೈರರಸರು ಒಂದೇ ರಾಜ್ಯವಾಗಿ ಆಳುತ್ತಿದ್ದ ಕಾಲದಿಂದಲೂ (1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಆ ವಂಶದವನೇ) ಮೇಲಕ್ಕೂ ಕೆಳಕ್ಕೂ ದಾರಿಯಿದ್ದಿತಾದರೂ, ಆ ದಾರಿಯಲ್ಲಿ ಬಡವರನ್ನು ಗುಂಪುಗುಂಪಾಗಿ ನಡೆಸಿದುದು ಕಾಫಿ.

ಪಂಜುರ್ಲಿಯದು ಹಂದಿಯ ಮುಖ. ಶಿವನ ಉದ್ಯಾನವನ್ನು ಕೆಡಿಸಿದ ವರಾಹವನ್ನು ಆತನು ಜನರಕ್ಷಣೆಗೆಂದು ಭೂಮಿಗೆ ಕಳುಹಿದನೆಂಬುದು ಕಥೆ; ಮಾಗಿದ ಗದ್ದೆಯನ್ನು ಒಂದೇ ಇರುಳಿನಲ್ಲಿ ಹಾಳುಗೆಡಹುವ ಪ್ರಾಣಿಯನ್ನು ಗೆಲ್ಲಲಾರದ ಒಕ್ಕಲಿಗನು ಅದನ್ನೇ ಕಾವಲಿಗೆ ನಿಲ್ಲಿಸಿಕೊಂಡನೆಂಬ ಊಹೆ ನನಗೆ ಹೆಚ್ಚು ರುಚಿಸುತ್ತದೆ. ಸಿರಿವಂತ ಮನೆತನಗಳು ಈ ಮುಖವನ್ನು ಕಂಚು ಬೆಳ್ಳಿಗಳಲ್ಲಿ ಮಾಡಿಸಿದರೆ, ಉಳಿದವರಿಗೆ ಒದಗಿದುದು ಮರ. ಅದರಲ್ಲಿಯೂ, ಉಳಿಗೆ ಒಗ್ಗುವಷ್ಟು ಮೃದುವಾಗಿಯೂ ಗೆದ್ದಲಿಗೆ ಸುಲಭವಾಗಿ ಸೋಲದಷ್ಟು ದೃಢವಾಗಿಯೂ ಇರುವ ಹಲಸು. ಕಾಫಿಗಿಡಕ್ಕೆ ನೆರಳಾಗಿ ತೋಟದೊಳಗೆ ನಿಂತಿರುವ ಮರಗಳಲ್ಲಿ ಅದೂ ಒಂದೆಂಬುದು ಸಂತೋಷದ ಸಂಗತಿ. ಆಚಾರಿಯು ಮೂತಿಯನ್ನು ಮುಂಚಾಚಿಸಿ, ಕೋರೆಗಳನ್ನು ಬಾಗಿಸಿ, ಕಿವಿಗಳನ್ನು ನಿಮಿರಿಸಿ, ಬಣ್ಣ ಬಳಿದೊಪ್ಪಿಸಿದರೂ ಅದಿನ್ನೂ ಮರವೇ; ಭಂಡಾರದ ಮನೆಯನ್ನು ಸೇರಿ, ಕೋಲದ ರಾತ್ರಿ ಅರದಾಳದಿಂದ ಮುಖ ಬರೆದು, ತೆಂಗಿನ ಎಳೆಗರಿಯ ಸಿರಿಯುಟ್ಟು, ಗಗ್ಗರ ಕಟ್ಟಿದವನ ಮೈಮೇಲೆ ಬಂದಾಗ ಮಾತ್ರ ಅದು ದೈವದ ಮೊಗ.

ಉಡುಪಿ ಸೀಮೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತಬಿಂಬಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಆಫ್ರಿಕದ ಕಾಂಗೋ ದೇಶದ ಸೊಂಗೆ ಜನರು ಗೀರುಗೀರಾಗಿ ಕೊರೆಯುವ ಕಿಫ್ವೆಬೆ ಮುಖವಾಡಗಳೂ ಹೀಗೆಯೇ, ನಾರಿನ ಉಡುಗೆಯನ್ನೂ ಕುಣಿತವನ್ನೂ ಕಳೆದುಕೊಂಡು, ಯೂರೋಪಿನ ಗಾಜಿನ ಪೆಟ್ಟಿಗೆಗಳನ್ನು ಸೇರಿದವು. ನೋಡುವವರಿಗೆ ಅಲ್ಲಿ ಸಿಕ್ಕುವುದು ಬಡಗಿಯ ಕೌಶಲವಷ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ದೊರೆಗಳು ಈ ಬೆಟ್ಟಗಳಲ್ಲಿ ಕಾಫಿಯನ್ನು ವಿಸ್ತರಿಸಿದ ಮೇಲೆ, ಮೇಸ್ತ್ರಿಗಳಿಂದ ಮುಂಗಡ ಪಡೆದು, ಚಾರ್ಮಾಡಿಯನ್ನೇರಿ ಕೊಟ್ಟಿಗೆಹಾರದತ್ತ ಬಂದ ಕೂಲಿಕಾರರಿಗೆ ಒಂದು ವಿಚಿತ್ರ ಸಂಕಟವಿದ್ದಿತು. ತುಳುನಾಡಿನಲ್ಲಿ ಕೋಲಗಳು ನಡೆಯುವುದು ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ. ತೋಟದಲ್ಲಿ ಹಣ್ಣು ಕೊಯ್ಯುವ ಕಾಲವೂ ನವೆಂಬರಿನಿಂದ ಆರಂಭವಾಗಿ ಅದರ ನಡುವೆಯೇ ಬರುವುದು. ಮುಂಗಡದ ಸಾಲ ಹೊತ್ತವನು ಊರಿನ ಕೋಲಕ್ಕೆ ಇಳಿದು ಹೋಗಲಾರನು. ಹರಕೆಯನ್ನು ಮರೆತು ನಿಶ್ಚಿಂತನಾಗಿಯೂ ಇರಲಾರನು. ದೈವವನ್ನೇ ಘಟ್ಟವೇರಿಸಿದ್ದು ಭಕ್ತಿಗಿಂತ ಮಿಗಿಲಾಗಿ ಈ ಇಕ್ಕಟ್ಟೆಂದು ನಾನು ಬಗೆಯುತ್ತೇನೆ. ಮುಂದೆ ತೋಟದ ಧಣಿಗಳೂ, ಆಳುಗಳ ಅಂಜಿಕೆಯಲ್ಲಿ ಪಾಲುಗೊಂಡೋ ಅವರನ್ನು ಉಳಿಸಿಕೊಳ್ಳುವ ಉಪಾಯವೆಂದೋ, ಬನಕ್ಕೆ ಜಾಗ ಬಿಟ್ಟರು. ಈಗ ಅಸ್ಸಾಮಿನಿಂದಲೂ ಕೊಯ್ಲಿಗೆ ಬರುವವರಿಗೆ ತುಳು ತಿಳಿಯದು. ಆದರೂ ಕೋಲ ಕೊಡುವ ಧಣಿಗಳಲ್ಲಿ ಹಲವರು ವೇಷ ಕಟ್ಟುವವರನ್ನು ಇಂದಿಗೂ ಘಟ್ಟದ ಕೆಳಗಿನಿಂದಲೇ ಕರೆಸುತ್ತಾರೆ.