ಟೇಪಿಗೆ ಹೇಳಿದ 8 ಸೆಂ.ಮೀ. ಸುಳ್ಳು

ಕಳೆದ ವರ್ಷದ ಫೆಸ್ಟ್‌ಗೆ ನಮ್ಮ ಮೆಕ್ಯಾನಿಕಲ್ ವಿಭಾಗದವರೆಲ್ಲ ಒಂದೇ ಥರದ ಹೂಡಿ ಹಾಕೋಣ ಅಂತ ತೀರ್ಮಾನವಾಯಿತು. ಹೆಸರಿನ ಮುಂದೆ ಸೈಜ್ ಬರೆಯುವ ಹಾಳೆ ಬೆಂಚಿನಿಂದ ಬೆಂಚಿಗೆ ಬಂತು. ನನಗಿಂತ ಮೊದಲು ಬರೆದ ಹುಡುಗಿಯರೆಲ್ಲ ‘ಎಸ್’, ‘ಎಂ’. ನನ್ನ ನಂತರ ಮೂವತ್ತು ಹುಡುಗರು ಆ ಹಾಳೆ ನೋಡುವವರಿದ್ದರು. ನಾನು ‘ಎಲ್’ ಅಂತ ಬರೆದುಬಿಟ್ಟೆ. ಹೂಡಿ ಬಂತು, ಜಿಪ್ ಹೊಟ್ಟೆಯಿಂದ ಮೇಲೆ ಏರಲೇ ಇಲ್ಲ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದರೂ ‘ನಂಗೆ ಚಳಿಯೇ ಆಗಲ್ಲಪ್ಪ’ ಅಂತ ನಗುತ್ತಾ ಓಡಾಡಿದೆ.

ಈ ಸಲ ಐದನೇ ಸೆಮಿಸ್ಟರ್ ಶುರುವಾಗುವಾಗ, ಮುಂದೆ ಜಿಪ್ ಇರುವ ದಪ್ಪ ಉಲ್ಲನ್ ಕಾರ್ಡಿಗನ್ ಒಂದನ್ನು ನಾನೇ ಹೆಣೆಯುತ್ತೇನೆ ಅಂತ ಹಟಕ್ಕೆ ಬಿದ್ದೆ. ಶಾಲೆಯ ಕ್ರಾಫ್ಟ್ ಪಿರಿಯಡ್‌ನಲ್ಲಿ ಕಲಿತ ಹೆಣಿಗೆಯನ್ನು ಅಮ್ಮ ಪಿಯುಸಿ ರಜೆಯಲ್ಲಿ ನನಗೂ ಕಲಿಸಿದ್ದಳು. ಇಂಟರ್ನೆಟ್‌ನಲ್ಲಿ ಪ್ಯಾಟರ್ನ್ ಸಿಕ್ಕಿತು. ಅದರಲ್ಲಿ ಹೇಳಿದ ದಪ್ಪ ದಾರ ಮಾತ್ರ ನಮ್ಮೂರ ಅಂಗಡಿಯಲ್ಲಿ ಇರಲಿಲ್ಲ. ಮಾಮೂಲಿ ಸ್ವೆಟರ್ ಉಲ್ಲನ್ನನ್ನೇ ಮೂರು ಎಳೆ ಜೋಡಿಸಿ 8 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ ಹತ್ತಿರ ಹತ್ತಿರ ಅದೇ ದಪ್ಪ ಬರುತ್ತದೆ.

ಮೊದಲ ಕೆಲಸ ಸ್ಯಾಂಪಲ್. 15 ಸೆಂ.ಮೀ. ಚೌಕದ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇದೆ ಅಂತ ಎಣಿಸಬೇಕು. ಪ್ಯಾಟರ್ನ್ ಹೇಳಿದ್ದು 12, ನನಗೆ ಬಂದದ್ದು 14. ನನ್ನ ಕೈ ಬಿಗಿ. ಎರಡೇ ಕುಣಿಕೆ ತಾನೇ ಅನ್ನಬೇಡಿ. 100 ಸೆಂ.ಮೀ. ಸುತ್ತಳತೆಗೆ ಅವರು ಕೊಟ್ಟ 120 ಕುಣಿಕೆಯನ್ನು ನನ್ನ ಕೈ ಹೆಣೆದರೆ 86 ಸೆಂ.ಮೀ.ಗೆ ನಿಲ್ಲುತ್ತದೆ! ಹಾಗಾಗಿ ಪ್ಯಾಟರ್ನ್‌ನ ಸಂಖ್ಯೆಗಳನ್ನು ಬಿಟ್ಟು, ನನ್ನದೇ ಅಳತೆಯಿಂದ ಲೆಕ್ಕ ಹಾಕಲು ಕೂತೆ. ಎದೆಯ ಸುತ್ತಳತೆಗೆ 10 ಸೆಂ.ಮೀ. ಸಡಿಲ ಸೇರಿಸು, 1.4ರಿಂದ ಗುಣಿಸು. ಅಷ್ಟೇ.

ತಪ್ಪಿದ್ದು ಇಲ್ಲೇ. ರೂಮಿನ ಬಾಗಿಲು ಹಾಕಿಕೊಂಡು ಟೇಪ್ ಸುತ್ತಿದೆ. 104 ತೋರಿಸಿತು. ಉಸಿರು ಬಿಗಿಹಿಡಿದು ಎಳೆದೆ. ಹೇಗೂ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಸಣ್ಣ ಆಗ್ತೀನಲ್ಲ ಅಂದುಕೊಂಡು ನೋಟ್‌ಬುಕ್ಕಿನಲ್ಲಿ 96 ಅಂತ ಬರೆದೆ. ಲೆಕ್ಕ ಪ್ರಕಾರ 148 ಕುಣಿಕೆ.

ಮೂರು ವಾರ ಲ್ಯಾಬ್ ರೆಕಾರ್ಡ್ ಬದಿಗಿಟ್ಟು ಕಂಕುಳವರೆಗೆ ಹೆಣೆದೆ. ಮೈಮೇಲೆ ಸುತ್ತಿ ಎರಡು ಅಂಚು ಸೇರಿಸಿ ಪಿನ್ ಹಾಕಿದರೆ ಎದೆಯ ಹತ್ತಿರ ಎಳೆಯುತ್ತಿತ್ತು. 106 ಸೆಂ.ಮೀ. ಇದೆಯಲ್ಲ, 104ರ ಮೈಗೆ ಯಾಕೆ ಸಾಲದು? ಒಳಗೆ ಚೂಡಿದಾರ್ ಇದೆ. ಜೊತೆಗೆ ದಪ್ಪ ಹೆಣಿಗೆ ತನ್ನ ದಪ್ಪಕ್ಕೇ ಒಂದಷ್ಟು ಜಾಗ ನುಂಗುತ್ತದೆ, ಹೊರಗಿನ ಸುತ್ತಳತೆಗಿಂತ ಒಳಗಿನದು ಕಡಿಮೆ. ಮಷಿನ್ ಡ್ರಾಯಿಂಗ್ ಪಿರಿಯಡ್‌ನಲ್ಲಿ ಕ್ಲಿಯರೆನ್ಸ್ ಫಿಟ್, ಇಂಟರ್‌ಫರೆನ್ಸ್ ಫಿಟ್ ಅಂತ ಪುಟಗಟ್ಟಲೆ ಬರೆದವಳು ನಾನು. ಶಾಫ್ಟ್‌ನ ಅಳತೆಯನ್ನು ನನಗೆ ಬೇಕಾದಂತೆ ಬರೆದಿದ್ದರೆ ಮೇಷ್ಟ್ರು ಆ ಶೀಟನ್ನು ಹರಿದು ಕೈಗೆ ಕೊಡುತ್ತಿದ್ದರು.

ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ‘ನಿಜ ಎಷ್ಟು?’ ಅಂದಳು. ಹೇಳಿದೆ. ‘ಟೇಪೇನು ಊರಿಗೆಲ್ಲ ಸಾರ್ಕೊಂಡು ಬರುತ್ತೇನೇ? ಬಿಚ್ಚು’ ಅಂದಳು.

ಮೂರು ವಾರದ ಕೆಲಸ ಅರ್ಧ ಗಂಟೆಯಲ್ಲಿ ಬಿಚ್ಚಿಹೋಯಿತು. ರೂಮ್‌ಮೇಟ್ ಉಂಡೆ ಸುತ್ತಿಕೊಟ್ಟಳು. ಕತ್ತರಿಸಿದ ಬಟ್ಟೆಯಾಗಿದ್ದರೆ ಮುಗಿದೇ ಹೋಗಿತ್ತು. ಹೆಣಿಗೆಯಲ್ಲಿ ಬಿಚ್ಚಿದರೆ ದಾರ ದಾರವಾಗಿಯೇ ಉಳಿಯುತ್ತದೆ. ಸುರುಳಿ ಸುರುಳಿಯಾಗಿದ್ದ ಅದನ್ನು ನೆನೆಸಿ, ಹರವಿ ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ.

ಈ ಸಲ ಟೇಪ್ ಹಿಡಿದದ್ದು ರೂಮ್‌ಮೇಟ್. ಅವಳು ‘ನೂರಾ ನಾಲ್ಕು’ ಅಂದಳು, ನಾನು ಬರೆದುಕೊಂಡೆ. ಅವಳ ದನಿಯಲ್ಲಿ ಅದು ಬರೀ ಒಂದು ಸಂಖ್ಯೆಯಾಗಿತ್ತು. 114ಕ್ಕೆ 160 ಕುಣಿಕೆ. ತೋಳಿನ ಉದ್ದ ಪ್ಯಾಟರ್ನ್‌ನಲ್ಲಿ 46 ಸೆಂ.ಮೀ., ನನ್ನದು 40. ಆದರೆ ನನ್ನ ರಟ್ಟೆ ದಪ್ಪ. ಮಣಿಕಟ್ಟಿನ 30 ಕುಣಿಕೆ ರಟ್ಟೆಗೆ ಬರುವಷ್ಟರಲ್ಲಿ 58 ಆಗಬೇಕು. ಸಾಲಿಗೆ ಎರಡರಂತೆ 14 ಸಲ ಏರಿಸಬೇಕು. ನನಗಿರುವುದು 72 ಸಾಲು. ಒಮ್ಮೆ 4 ಸಾಲಿಗೆ, ಒಮ್ಮೆ 6 ಸಾಲಿಗೆ ಅಂತ ಹಂಚಿದರೆ ಕರಾರುವಾಕ್ಕಾಗಿ 70ಕ್ಕೆ ಮುಗಿಯಿತು. ಗಿಡ್ಡ ಕೈ, ದಪ್ಪ ರಟ್ಟೆಗೆ ಸರಿಹೊಂದುವ ತೋಳು ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ಜಿಪ್ ಹೊಲಿಯುವ ಧೈರ್ಯ ಸಾಲದೆ ಟೈಲರ್ ಅಂಗಡಿಗೆ ಕೊಟ್ಟೆ. ತಂದು ಹಾಕಿಕೊಂಡು ಎಳೆದೆ. ಕೆಳಗಿನಿಂದ ಕುತ್ತಿಗೆವರೆಗೆ ಎಲ್ಲೂ ತಡೆಯದೆ ಏರಿತು. ಎಡದ ತೋಳು ಎರಡು ಸಾಲು ಉದ್ದವಾಗಿದೆ, ಇರಲಿ. ನಾನೇನೂ ಸಣ್ಣ ಆಗಿಲ್ಲ. ಬೆಳಗಿನ ಏಳೂವರೆಯ ಬಸ್‌ಸ್ಟಾಪಿನಲ್ಲಿ ಬೆಚ್ಚಗೆ ನಿಲ್ಲುತ್ತೇನೆ.

ಮೊನ್ನೆ ಈ ವರ್ಷದ ಹೂಡಿಯ ಹಾಳೆ ಮತ್ತೆ ಬಂತು. ‘ಡಬಲ್ ಎಕ್ಸ್‌ಎಲ್’ ಅಂತ ಬರೆದು ಪಕ್ಕಕ್ಕೆ ದಾಟಿಸಿದೆ. ಒಂದು ಕ್ಷಣ ಕಿವಿ ನಿಮಿರಿಸಿ ಕೂತೆ. ಯಾರೂ ನಗಲಿಲ್ಲ. ಯಾರಾದರೂ ಓದಿದರೋ ಇಲ್ಲವೋ, ಅದೂ ಗೊತ್ತಾಗಲಿಲ್ಲ. ಹಿಂದಿನ ಬೆಂಚಿನವನು ಪೆನ್ನು ಕೇಳಿದ, ಕೊಟ್ಟೆ.