ಎದುರಾಳಿಯಿಲ್ಲದ ಗೋಲು

ಒಂದೇ ಕೈಯಿಂದ ಚಪ್ಪಾಳೆಯಾಗದು ಎನ್ನುವುದು ಲೋಕದ ಮಾತು. ಫುಟ್‌ಬಾಲಿನ ಚರಿತ್ರೆಯಲ್ಲಿ ಒಮ್ಮೆ ಹಾಗೆ ಚಪ್ಪಾಳೆ ಹೊಡೆಯುವ ಪ್ರಯತ್ನ ನಡೆಯಿತು. 1973ರ ನವೆಂಬರ್ 21ರಂದು, ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಒಂದು ತಂಡ ಮೈದಾನಕ್ಕಿಳಿಯಿತು, ಇನ್ನೊಂದು ಇಳಿಯಲಿಲ್ಲ. ತೀರ್ಪುಗಾರ ಸೀಟಿ ಊದಿದ. ಆತಿಥೇಯರು ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತ, ತಡೆಯುವವರಿಲ್ಲದ ಹುಲ್ಲಿನ ಮೇಲೆ, ಕಾಯುವವರಿಲ್ಲದ ಗೋಲಿನತ್ತ ಸಾಗಿದರು. ಫ್ರಾನ್ಸಿಸ್ಕೊ ವಾಲ್ಡೆಸ್ ಎಂಬ ಆಟಗಾರ ಚೆಂಡನ್ನು ಒಳಕ್ಕೆ ತಳ್ಳಿದ. ಆಟವನ್ನು ಮತ್ತೆ ಆರಂಭಿಸಬೇಕಾದ ಎದುರು ಪಕ್ಷವೇ ಇಲ್ಲದ್ದರಿಂದ ಪಂದ್ಯ ಅಲ್ಲಿಗೆ ಮುಗಿಯಿತು. ಚಿಲಿ ವಿಶ್ವಕಪ್ಪಿಗೆ ಅರ್ಹವಾಯಿತು.

ಬಾರದೆ ಹೋದವರು ಯಾರು, ಏಕೆ ಬರಲಿಲ್ಲ ಎಂಬುದನ್ನು ತಿಳಿಯಲು ಅರ್ಹತಾ ಸುತ್ತಿನ ಲೆಕ್ಕವನ್ನು ಸ್ವಲ್ಪ ನೋಡಬೇಕಾಗುತ್ತದೆ. ವಿಶ್ವಕಪ್ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಕೊನೆಯ ಕೆಲವು ವಾರಗಳ ಜಾತ್ರೆ. ತೇರು ಬೀದಿಗೆ ಬರುವ ಬಹಳ ದಿನ ಮುಂಚೆಯೇ ಅದರ ಕೆಲಸ ಮೊದಲಾಗಿರುತ್ತದಷ್ಟೆ. ಇಲ್ಲಿಯೂ ಹಾಗೆಯೇ. ದೇಶಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಗುಂಪಿನಲ್ಲಿಯೂ ಪ್ರತಿಯೊಂದು ದೇಶ ಉಳಿದವುಗಳೊಡನೆ ಎರಡು ಸಲ ಆಡಬೇಕು: ಒಮ್ಮೆ ತನ್ನ ಮನೆಯಂಗಳದಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ. ಅಂಗಳದ ಈ ಮಾತನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಗಂಟು ಇರುವುದು ಅಲ್ಲಿಯೇ.

2026ರ ಸ್ಪರ್ಧೆಗೆ 48 ಸ್ಥಾನಗಳು. 1974ರಲ್ಲಿ ಇದ್ದದ್ದು ಬರಿಯ 16. ಆತಿಥೇಯ ಪಶ್ಚಿಮ ಜರ್ಮನಿಗೂ ಹಿಂದಿನ ವಿಜೇತ ಬ್ರೆಜಿಲಿಗೂ ಆಡದೆಯೇ ಪ್ರವೇಶವಿತ್ತು. ಯೂರೋಪಿನ ಒಂಬತ್ತು ಗುಂಪುಗಳಲ್ಲಿ ಎಂಟರ ವಿಜೇತರಿಗೆ ನೇರವಾಗಿ ಸ್ಥಾನ. ಒಂಬತ್ತನೆಯ ಗುಂಪಿನ ವಿಜೇತರು ಮಾತ್ರ ದಕ್ಷಿಣ ಅಮೆರಿಕದ ಮೂರನೆಯ ಗುಂಪಿನ ವಿಜೇತರನ್ನು ಮಣಿಸಿ ಒಳಬರಬೇಕು. ಆ ಒಂಬತ್ತನೆಯ ಗುಂಪಿನಲ್ಲಿ ಸೋವಿಯತ್ ಒಕ್ಕೂಟ, ಫ್ರಾನ್ಸ್, ಐರ್ಲೆಂಡ್ ಇದ್ದವು. ಸೋವಿಯತ್ ತಂಡ ಪ್ಯಾರಿಸಿನಲ್ಲಿ ಒಂದು ಪಂದ್ಯ ಸೋತು ಉಳಿದ ಮೂರನ್ನೂ ಗೆದ್ದಿತು. ಅತ್ತ ವೆನೆಜುವೇಲಾ ಹಿಂದೆ ಸರಿದದ್ದರಿಂದ ಪೆರು, ಚಿಲಿ ಎರಡೇ ಉಳಿದವು. ಲಿಮಾದಲ್ಲಿ ಪೆರು 2-0, ಸ್ಯಾಂಟಿಯಾಗೋದಲ್ಲಿ ಚಿಲಿ 2-0. ತಕ್ಕಡಿ ಸಮವಾಯಿತು. ಆಗ ಇಬ್ಬರದೂ ಅಲ್ಲದ ಮೂರನೆಯ ಅಂಗಳವನ್ನು ಹುಡುಕಿದರು. ಉರುಗ್ವೆಯ ಮಾಂಟೆವಿಡಿಯೋದಲ್ಲಿ ಆಗಸ್ಟ್ 5ರಂದು ಚಿಲಿ 2-1ರಿಂದ ಗೆದ್ದಿತು. ಅಗತ್ಯ ಬಿದ್ದಾಗ ತಟಸ್ಥ ನೆಲದಲ್ಲಿ ಆಡಿಸುವುದು ಫುಟ್‌ಬಾಲಿನ ಅಧಿಪತಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ ಎಂಬುದನ್ನು ಇಲ್ಲಿ ಗುರುತಿಸಿಕೊಂಡು ಮುಂದೆ ಹೋಗೋಣ.

ಇದಾಗಿ ಐದು ವಾರ ಕಳೆದಿತ್ತು. ಸೆಪ್ಟೆಂಬರ್ 11ರಂದು ಚಿಲಿಯ ಸೈನ್ಯ, ಜನರಿಂದ ಚುನಾಯಿತನಾಗಿದ್ದ ಅಧ್ಯಕ್ಷ ಸಾಲ್ವಡಾರ್ ಅಲೆಂಡೆಯ ಸರ್ಕಾರವನ್ನು ಉರುಳಿಸಿತು. ಅಧ್ಯಕ್ಷಭವನದ ಮೇಲೆ ವಿಮಾನಗಳು ಬಾಂಬು ಸುರಿದವು. ಅಲೆಂಡೆ ಅಲ್ಲಿಯೇ ಪ್ರಾಣ ಬಿಟ್ಟ. ಜನರಲ್ ಪಿನೋಚೆಯ ಮುಂದಾಳುತನದ ಸೈನಿಕ ಮಂಡಳಿ ಸಾವಿರಾರು ಜನರನ್ನು ಹಿಡಿದು ತಂದಿತು. ಅಷ್ಟು ಜನರನ್ನು ತುಂಬುವಷ್ಟು ದೊಡ್ಡ ಸೆರೆಮನೆ ನಗರದಲ್ಲಿರಲಿಲ್ಲ, ದೊಡ್ಡ ಕ್ರೀಡಾಂಗಣವಿತ್ತು. 1962ರ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದ ಜಾಗವದು. ನಮ್ಮ ಸಾಹಿತ್ಯಾಸಕ್ತರಿಗೆ ಅಪರಿಚಿತನಲ್ಲದ ಕವಿ ಪಾಬ್ಲೊ ನೆರೂಡ ನೊಬೆಲ್ ಬಹುಮಾನ ಪಡೆದು ಸ್ವದೇಶಕ್ಕೆ ಮರಳಿದಾಗ, 1972ರ ಡಿಸೆಂಬರಿನಲ್ಲಿ ಅವನಿಗೆ ಸಾರ್ವಜನಿಕ ಸನ್ಮಾನ ನಡೆದದ್ದೂ ಅಲ್ಲಿಯೇ. ಒಂದು ವರ್ಷ ತುಂಬುವ ಮೊದಲೇ ಆ ಮೆಟ್ಟಿಲುಸಾಲುಗಳ ಮೇಲೆ ಸೆರೆಯಾಳುಗಳು ಕಂಬಳಿ ಹೊದ್ದು ಕುಳಿತಿದ್ದರು. ಒಂದು ಹಂತದಲ್ಲಿ ಅವರ ಸಂಖ್ಯೆ ಸುಮಾರು 7000 ಎಂದು ರೆಡ್ ಕ್ರಾಸ್ ಅಂದಾಜು ಮಾಡಿತು. ಆಟಗಾರರು ಬಟ್ಟೆ ಬದಲಿಸುವ ಕೋಣೆಗಳು ಬಂದೀಖಾನೆಗಳಾದವು. ಹೆಂಗಸರನ್ನು ಈಜುಕೊಳದ ಬಳಿಯ ಕೋಣೆಗಳಲ್ಲಿಟ್ಟರು. ಪಕ್ಕದ ಸೈಕಲ್ ಪಂದ್ಯದ ಅಂಗಳದಲ್ಲಿ ವಿಚಾರಣೆಯ ಹೆಸರಿನ ಚಿತ್ರಹಿಂಸೆ. ಹೊರಗಿನ ಗೇಟಿನ ಬಳಿ ತಾಯಂದಿರೂ ಹೆಂಡಿರೂ ಒಳಗೆ ತಮ್ಮವರಿದ್ದಾರೆಯೇ ಎಂದು ತಿಳಿಯಲು ಕಾದು ನಿಂತಿದ್ದರು.

ನೆರೂಡ ಸೆಪ್ಟೆಂಬರ್ 23ರಂದು ತೀರಿಕೊಂಡ. ಅದಾದ ಮೂರನೆಯ ದಿನ ಮಾಸ್ಕೋದಲ್ಲಿ ಮೊದಲ ಪಂದ್ಯ. ಅಷ್ಟರಲ್ಲಿ ಸೋವಿಯತ್ ಸರ್ಕಾರ ಚಿಲಿಯೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತ್ತು. ಆದರೂ ಆಟ ನಡೆಯಿತು. ಎಲಿಯಾಸ್ ಫಿಗೆರೋವಾನ ನಾಯಕತ್ವದ ರಕ್ಷಣಾಪಂಕ್ತಿ ಗೋಡೆಯಂತೆ ನಿಂತಿತು; ಯಾರೂ ಗೋಲು ಹೊಡೆಯಲಿಲ್ಲ. ಇನ್ನು ಎಲ್ಲವೂ ಸ್ಯಾಂಟಿಯಾಗೋದ ಪಂದ್ಯವನ್ನು ಅವಲಂಬಿಸಿತ್ತು. ದೇಶಭಕ್ತರ ರಕ್ತ ಚೆಲ್ಲಿದ ನೆಲದಲ್ಲಿ ತಾವು ಆಡಲಾರೆವು, ಮೂರನೆಯ ದೇಶದಲ್ಲಿ ಆಡಿಸಿರಿ ಎಂಬುದು ಸೋವಿಯತ್ ಸಂಸ್ಥೆಯ ನಿಲುವು.

ಆಗ ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಮಾಡಿದ್ದೇನು? ಇಬ್ಬರು ಅಧಿಕಾರಿಗಳನ್ನು ಕಳುಹಿಸಿತು: ಉಪಾಧ್ಯಕ್ಷ, ಬ್ರೆಜಿಲಿನ ಅಬಿಲಿಯೊ ಡಿ ಅಲ್ಮೇಡ, ಪ್ರಧಾನ ಕಾರ್ಯದರ್ಶಿ, ಸ್ವಿಟ್ಜರ್ಲೆಂಡಿನ ಹೆಲ್ಮುಟ್ ಕೇಸರ್. ಅಕ್ಟೋಬರ್ 24ರಂದು ಅವರು ಕ್ರೀಡಾಂಗಣವನ್ನು ನೋಡಿದರು. ಹುಲ್ಲು ಚೆನ್ನಾಗಿತ್ತು. ಅವರು ಹುಲ್ಲನ್ನು ನೋಡುತ್ತಿದ್ದಾಗ ಉಳಿದ ಸೆರೆಯಾಳುಗಳನ್ನು ಬಂದೂಕಿನ ಭಯದಲ್ಲಿ ಕೆಳಗಿನ ಕೋಣೆಗಳಿಗೆ ನೂಕಿ, ಉಸಿರೆತ್ತದಂತೆ ಮಾಡಲಾಗಿತ್ತೆಂದು ಬದುಕಿ ಹೊರಬಂದವರು ಹೇಳಿದ್ದಾರೆ. ಜನಜೀವನ ಸಹಜವಾಗಿದೆ, ಪಂದ್ಯ ನಡೆಯಬಹುದು ಎಂದು ವರದಿಯಾಯಿತು. ಮುಂದಿನ ದಿನಗಳಲ್ಲಿ ಸೈನ್ಯ ಕ್ರೀಡಾಂಗಣವನ್ನು ತೆರವು ಮಾಡಿತು. ಹಲವರನ್ನು ಅಟಕಾಮ ಮರುಭೂಮಿಯಲ್ಲಿ ಪಾಳುಬಿದ್ದಿದ್ದ ಚಕಬೂಕೊ ಎಂಬ ಗಣಿಯೂರಿಗೆ ಸಾಗಿಸಲಾಯಿತು. ಪೆರುವಿನೊಡನೆ ತಕ್ಕಡಿ ಸಮವಾದಾಗ ಸಿಕ್ಕಿದ ಮೂರನೆಯ ಅಂಗಳ ಈಗ ಸಿಕ್ಕಲಿಲ್ಲ. ಅಂಕಗಳು ಸಮವಾದದ್ದು ನಿಯಮದ ಕಣ್ಣಿಗೆ ಬೀಳುವ ತೊಡಕು; ಮೆಟ್ಟಿಲುಸಾಲಿನಲ್ಲಿ ಮನುಷ್ಯರು ಸೆರೆಯಿರುವುದು ಅದರ ಕಣ್ಣಿಗೆ ಬೀಳುವ ತೊಡಕಲ್ಲ.

ಹಾಗೆಂದು ಸೋವಿಯತ್ ಪಕ್ಷವನ್ನು ಧರ್ಮರಾಯನ ಪೀಠದಲ್ಲಿ ಕೂರಿಸಬೇಕಾಗಿಲ್ಲ. ಸೆರೆಶಿಬಿರಗಳ ಬಗ್ಗೆ ಸೊಲ್ಝೆನಿತ್ಸಿನ್ ಬರೆದ ಗ್ರಂಥದ ಹಸ್ತಪ್ರತಿಯನ್ನು ಅಲ್ಲಿಯ ಗುಪ್ತ ಪೊಲೀಸರು ವಶಪಡಿಸಿಕೊಂಡದ್ದು ಅದೇ ಬೇಸಿಗೆಯಲ್ಲಿ. ಇನ್ನೊಂದು ವಿಷಯ: 1960ರಲ್ಲಿ ಯೂರೋಪಿನ ರಾಷ್ಟ್ರಗಳ ಕಪ್ಪಿನಲ್ಲಿ ಫ್ರಾಂಕೋನ ಸ್ಪೇನ್ ಸೋವಿಯತ್ ತಂಡದೊಡನೆ ಆಡಲು ನಿರಾಕರಿಸಿತ್ತು. ಆ ಸಲ ಆಡದೆಯೇ ಮುಂದಿನ ಸುತ್ತಿಗೆ ಹೋದವರು ಸೋವಿಯತರು. ಕೊನೆಗೆ ಕಪ್ಪನ್ನೂ ಅವರೇ ಗೆದ್ದರು. ಆದರೆ ಕೇಳಿದವನ ಕೈ ಶುದ್ಧವಿರಲಿಲ್ಲ ಎಂಬ ಮಾತ್ರಕ್ಕೆ ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲ.

ದಾಖಲೆಯಲ್ಲಿ ಆ ದಿನದ ಫಲಿತಾಂಶ 2-0 ಎಂದಿದೆ. ಬಾರದವರ ಮೇಲೆ ನಿಯಮದಂತೆ ಬರೆಯುವ ಅಂಕಿ. ಬಂದ ಪ್ರೇಕ್ಷಕರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಬ್ರೆಜಿಲಿನ ಸ್ಯಾಂಟೋಸ್ ತಂಡವನ್ನು ಕರೆಸಿದ್ದರು. ಎದುರಾಳಿಗಳು ನಿಜವಾಗಿ ಮೈದಾನಕ್ಕಿಳಿದ ಆ ಸೌಹಾರ್ದ ಪಂದ್ಯದಲ್ಲಿ ಚಿಲಿ 0-5ರಿಂದ ಸೋತಿತು. ಮುಂದೆ ವಿಶ್ವಕಪ್ಪಿನಲ್ಲಿಯೂ ಒಂದು ಸೋಲು, ಎರಡು ಡ್ರಾ. ಮೊದಲ ಸುತ್ತಿನಲ್ಲಿಯೇ ಮನೆಗೆ ಮರಳಿತು. ಆ ಕ್ರೀಡಾಂಗಣದಲ್ಲಿ ಇಂದಿಗೂ ಫುಟ್‌ಬಾಲ್ ನಡೆಯುತ್ತದೆ; ಎಂಟನೆಯ ದ್ವಾರದ ಬಳಿಯ ಹಳೆಯ ಮರದ ಬೆಂಚುಗಳನ್ನು ಮಾತ್ರ ಸೆರೆಯಾಳುಗಳ ನೆನಪಿಗಾಗಿ ಖಾಲಿ ಬಿಟ್ಟಿದ್ದಾರೆ.

ಆಟಗಾರರ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಖಾಲಿ ಗೋಲಿನತ್ತ ಓಡಿದವರಲ್ಲಿ ಕಾರ್ಲೋಸ್ ಕಾಸ್ಸೆಲಿ ಎಂಬ ಯುವಕನೂ ಇದ್ದ. ಅಲೆಂಡೆಯ ಪಕ್ಷಪಾತಿಯೆಂದು ಎಲ್ಲರಿಗೂ ತಿಳಿದವನು. ತಂಡವನ್ನು ಬೀಳ್ಕೊಡಲು ಬಂದ ಪಿನೋಚೆ ಕೈ ಚಾಚಿದಾಗ ತಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆನೆಂದು ಆತ ಮುಂದೆ ಹೇಳಿಕೊಂಡ. ಸರ್ವಾಧಿಕಾರಿ ಇನ್ನೂ ಎಂಟು ವರ್ಷ ಆಳಬೇಕೆ, ಬೇಡವೆ ಎಂದು 1988ರ ಅಕ್ಟೋಬರಿನಲ್ಲಿ ಚಿಲಿಯ ಜನ ಮತ ಹಾಕಿ, ಬೇಡವೆಂದರು. ಆ ಮತದಾನಕ್ಕೆ ಮುಂಚಿನ ಪ್ರಚಾರದಲ್ಲಿ, ದೂರದರ್ಶನದಲ್ಲಿ ಒಬ್ಬ ವಯಸ್ಸಾದ ಹೆಂಗಸು ಕಾಣಿಸಿಕೊಂಡಳು. ಸೈನಿಕರು ತನ್ನನ್ನು ಮನೆಯಿಂದ ಹಿಡಿದೊಯ್ದು, ಕಣ್ಣು ಕಟ್ಟಿ ಹಿಂಸಿಸಿದ್ದನ್ನು ಆಕೆ ದನಿಯೇರಿಸದೆ ಹೇಳಿದಳು. ಆಮೇಲೆ ತೆರೆಯ ಮೇಲೆ ಬಂದವನು ಕಾಸ್ಸೆಲಿ. ತನ್ನ ಮತವೂ ಬೇಡವೆಂಬುದಕ್ಕೇ ಎಂದು ಹೇಳಿ, ಈಕೆ ತನ್ನ ತಾಯಿ ಎಂದ.