ಬಿಳಿ ಸಿಮೆಂಟ್ ಅಂದರೆ ಯಾವುದು?

ವಡೋದರಾದ ಫತೇಗಂಜ್‌ನಲ್ಲಿ ಓಡಾಡುವವರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿದ್ದಾರೆ, ಸೇನೆಯ ಇಎಂಇ ಶಾಲೆಗೆ ಸೇರಿದ ಕುಟುಂಬಗಳಿವೆ. ಊರಿನ ನಾಲಿಗೆಗೆ ಜಲೇಬಿಯೂ ಬೇಕು, ಅಡಿಕೆ-ತಂಬಾಕು ಬೆರೆಸಿ ಜಗಿಯುವ ಮಾವಾವೂ ಬೇಕು. ಮಾವಾಕ್ಕೆ ಬೇಕಾದ ಬಿಳಿ ಚಾಲಿ ಅಡಿಕೆಗೂ ಕರಾವಳಿಗೂ ಹಳೆಯ ನಂಟು: ಪುತ್ತೂರು, ಸುಳ್ಯ, ಕಾಸರಗೋಡಿನ ಬೆಳೆಗಾರರಿಗೆ ಗುಜರಾತ್ ದೊಡ್ಡ ಮಾರುಕಟ್ಟೆ.

ಸಿಹಿ ಮತ್ತು ಅಡಿಕೆ ಹಲ್ಲನ್ನು ಕೆಡಿಸುವ ಬಗೆ ಬೇರೆ ಬೇರೆ. ಸಕ್ಕರೆಯಿಂದ ಬ್ಯಾಕ್ಟೀರಿಯಾ ಮಾಡುವ ಆಮ್ಲ ಹಲ್ಲನ್ನು ಕರಗಿಸಿ ಗುಳಿ ತೋಡುತ್ತದೆ. ಅಡಿಕೆ ದವಡೆ ಹಲ್ಲಿನ ಮೇಲ್ಮೈಯನ್ನು ಸವೆಸುತ್ತದೆ, ಕೆಲವೊಮ್ಮೆ ಸೀಳುತ್ತದೆ. ಹಾಗಾಗಿ ಏನು ತುಂಬಿಸಬೇಕು ಎನ್ನುವುದಕ್ಕಿಂತ ಮೊದಲು ಯಾವ ಬಾಯಿ, ಯಾವ ಗುಳಿ ಎಂದು ನೋಡಬೇಕು.

ನಮ್ಮ ಹಿರಿಯರ ದವಡೆಯಲ್ಲಿ ಕಪ್ಪಾಗಿ ಕಾಣುವ ‘ಬೆಳ್ಳಿ ಫಿಲ್ಲಿಂಗ್’ ಅಮಾಲ್ಗಮ್. ಅದರಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಅಗ್ಗ, ಗಟ್ಟಿ, ತುಸು ತೇವವಿದ್ದರೂ ಕೂರುತ್ತದೆ. ಆದರೆ ಹಲ್ಲಿಗೆ ಅಂಟುವುದಿಲ್ಲ. ಕಚ್ಚಿ ನಿಲ್ಲಲು ಚೆನ್ನಾಗಿರುವ ಹಲ್ಲನ್ನೂ ಒಂದಿಷ್ಟು ಕೊರೆಯಬೇಕು. ಪಾದರಸದಿಂದ ಪರಿಸರವನ್ನು ಕಾಪಾಡುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಒಪ್ಪಂದಕ್ಕೆ 2022ರಲ್ಲಿ ಆದ ತಿದ್ದುಪಡಿ 15 ವರ್ಷದೊಳಗಿನವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರಿಗೆ ಅಮಾಲ್ಗಮ್ ಬೇಡ ಎನ್ನುತ್ತದೆ. ಹಾಗಂತ ಗಟ್ಟಿಯಾಗಿ ಕೂತಿರುವ ಹಳೆಯದನ್ನು ಹೆದರಿ ಕೀಳಿಸಬಾರದು. ಕೀಳುವಾಗಲೇ ಪಾದರಸದ ಆವಿ ಹೆಚ್ಚು ಹೊಮ್ಮುತ್ತದೆ, ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ.

ನಿಜವಾದ ಗೊಂದಲ ಇರುವುದು ‘ಬಿಳಿ ಸಿಮೆಂಟ್’ ಎಂಬ ಮಾತಿನಲ್ಲಿ. ಅದರಡಿ ಎರಡು ವಸ್ತುಗಳಿವೆ. ಬೆಲೆಯೂ ಬೇರೆ, ಬಾಳಿಕೆಯೂ ಬೇರೆ.

ಒಂದು ಗ್ಲಾಸ್ ಅಯೊನೊಮರ್. ಲಂಡನ್ನಿನಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ರೂಪಿಸಿ 1972ರ ಹೊತ್ತಿಗೆ ಹೊರಗೆ ತಂದ ಈ ಗಾಜಿನ ಪುಡಿಯ ಸಿಮೆಂಟು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಸೂಸುತ್ತದೆ. ಮಕ್ಕಳ ಹಾಲುಹಲ್ಲಿಗೆ, ಒಸಡಿನಂಚಿನ ಗುಳಿಗೆ ಇದು ಹೇಳಿಮಾಡಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದವಡೆಯ ಭಾರಿ ಕಡಿತಕ್ಕೆ ಮಾತ್ರ ಬೇಗ ಸವೆಯುತ್ತದೆ.

ಇನ್ನೊಂದು ಕಾಂಪೋಸಿಟ್, ಅಂದರೆ ಗಾಜಿನ ಕಣ ಬೆರೆತ ರಾಳ. ಇದನ್ನು ಹಾಕುವಾಗ ವೈದ್ಯರ ತಾಳ್ಮೆಯೇ ಬಂಡವಾಳ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಎಂಜಲು ತಡೆಯುತ್ತಾರೆ. ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, ಕೆಲವು ಸೆಕೆಂಡು ಬಿಟ್ಟು ತೊಳೆಯುತ್ತಾರೆ. ಎನಾಮೆಲ್ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಣಿಗಳು ಮೂಡುತ್ತವೆ. ಅಂಟು ಸವರಿ, ರಾಳವನ್ನು ಸಾಮಾನ್ಯವಾಗಿ ಎರಡು ಮಿಲಿಮೀಟರಿನಂತೆ ಪದರ ಪದರವಾಗಿ ತುಂಬಿ ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿಯುತ್ತಾರೆ. ಗಟ್ಟಿಯಾಗುವಾಗ ರಾಳ ತುಸು ಕುಗ್ಗುತ್ತದೆ. ಒಮ್ಮೆಲೇ ತುರುಕಿದರೆ ಅಂಚಿನಲ್ಲಿ ಸಂದು ಬಿದ್ದು ಅಲ್ಲಿಂದಲೇ ಮತ್ತೆ ಹುಳುಕು ಶುರುವಾಗಬಹುದು. ನಡುವೆ ಒಂದು ಹನಿ ಎಂಜಲು ಸೇರಿದರೂ ಅಂಟು ಹಿಡಿಯದು. ಇಷ್ಟು ಸಮಯ, ಇಷ್ಟು ಎಚ್ಚರ ಬೇಡುವುದರಿಂದಲೇ ಇದು ದುಬಾರಿ. ನಕ್ಕಾಗ ಕಾಣುವ ಮುಂಭಾಗದ ಹಲ್ಲಿಗೆ ಇದೇ ಸರಿ. ದವಡೆಯ ಸಣ್ಣ, ಮಧ್ಯಮ ಗುಳಿಗೂ ಒಳ್ಳೆಯದೇ.

ವರ್ಷಗಟ್ಟಲೆ ಅಡಿಕೆ ಜಗಿದು ಚಪ್ಪಟೆಯಾದ, ಗೋಡೆ ತೆಳುವಾದ ಹಲ್ಲಿಗೆ ಈ ಎರಡನ್ನೂ ನೆಚ್ಚುವಂತಿಲ್ಲ. ಹಲ್ಲಿನ ಮೇಲ್ಭಾಗವನ್ನೇ ಮುಚ್ಚುವ ಆನ್‌ಲೇ ಅಥವಾ ಕ್ಯಾಪ್ ಬೇಕಾಗಬಹುದು. ಅದನ್ನು ಹಾಕಿಸಿಕೊಂಡು ಅಡಿಕೆ ಮುಂದುವರಿಸಿದರೆ ಖರ್ಚು ನೀರಿಗೆ ಹೋದಂತೆ. ಅಡಿಕೆಯೇ ಬಾಯಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುವಾದ್ದರಿಂದ ಬಿಡಲು ಹಲ್ಲಿಗಿಂತ ದೊಡ್ಡ ಕಾರಣವೂ ಇದೆ.

ಕುರ್ಚಿಯಲ್ಲಿ ಕೂರುವ ಮುನ್ನ ಕೇಳಬೇಕಾದ್ದು: ಬಿಳಿ ಎಂದರೆ ಅಯೊನೊಮರೋ, ಕಾಂಪೋಸಿಟೋ? ಗುಳಿ ಎಷ್ಟು ಆಳವಿದೆ? ಹಣದ ಚಿಂತೆ ಇದ್ದವರು ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ವಡೋದರಾ ಬಳಿಯ ಪಿಪರಿಯಾದಲ್ಲಿ ಕೆ.ಎಂ. ಶಾ ಕಾಲೇಜಿದೆ, ಕರ್ನಾಟಕದಲ್ಲಂತೂ ಇಂಥ ಕಾಲೇಜುಗಳು ಹಲವು. ತುಂಬಿಸಿದ ಮೇಲೆ ಜೋಮು ಇಳಿದಾಗ ಕಚ್ಚಿ ನೋಡಿ. ಆ ಹಲ್ಲೇ ಮೊದಲು ತಾಗಿದರೆ ಮರುದಿನವೇ ಹೋಗಿ ತುಸು ಉಜ್ಜಿಸಿಕೊಳ್ಳಿ.